ಖಾರ ಒಗ್ಗುತ್ತಾ ಅಂತ ಕೇಳುವ ಮೆಸ್

ಚಿಕ್ಕಮಗಳೂರು ಬಸ್ ಸ್ಟ್ಯಾಂಡ್ ಹತ್ತಿರದ ಪುಟ್ಟ ಮೆಸ್ ಇದು. ಅಮ್ಮನ ಜೊತೆ ಹೋಗಿದ್ದೆ. ಎಲೆ ಹಾಕುತ್ತಲೇ ಬಡಿಸುವಾಕೆ ಕೇಳಿದರು, "ಅಮ್ಮಾ, ಖಾರ ಒಗ್ಗುತ್ತಾ ನಿಮಗೆ?" ಎಷ್ಟು ದಿನ ಆಗಿತ್ತು ಈ ಮಾತು ಕೇಳಿ! ಬೇರೆ ಕಡೆ 'ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ' ಅನ್ನುತ್ತಾರೆ, ಅಂದ್ರೆ ನಾವೇ ಸಹಿಸಿಕೊಳ್ಳಬೇಕು. ಒಗ್ಗುವುದು ಹಾಗಲ್ಲ. ಹೊಸ ಊರಿನ ನೀರು ಒಗ್ಗಲಿಲ್ಲ, ಚಳಿ ಒಗ್ಗಿತು ಅಂತೀವಲ್ವಾ, ಅದು ನಿಧಾನಕ್ಕೆ ಮೈಗೆ ಹಿಡಿಸಬೇಕು, ಬಲವಂತ ನಡೆಯುವುದಿಲ್ಲ. ಅಮ್ಮ ಇಲ್ಲ ಅಂದ ಕೂಡಲೇ ಎಣ್ಣೆಗಾಯಿ ಬಿಟ್ಟು, ಬಿಸಿ ಅಕ್ಕಿ ರೊಟ್ಟಿಗೆ ಬೆಣ್ಣೆ ಸವರಿ, ಮೆಣಸಿನಕಾಯಿ ಕಮ್ಮಿ ಹಾಕಿ ಕಾಯಿ ಚಟ್ನಿ ಬೇರೆಯೇ ಅರೆದು ತಂದರು. ರೊಟ್ಟಿ ಅಂಚು ಮಾತ್ರ ಸ್ವಲ್ಪ ಗಟ್ಟಿ. ಮಧ್ಯಾಹ್ನ ಒಂದರ ಮೇಲೆ ಜಾಗ ಸಿಗುವುದು ಕಷ್ಟ, ಬೇಗ ಹೋಗಿ.