ಕಂಫರ್ಟಾ, ಸ್ಪೋರ್ಟಾ? ಬಿಎಂಡಬ್ಲ್ಯು 530ಡಿ ಬಗ್ಗೆ ಡ್ರೈವರ್ ಮಾತು

ಮೊದ್ಲೇ ಹೇಳ್ಬಿಡ್ತೀನಿ, ಗಾಡಿ ನಂದಲ್ಲ, ನಾನು ಓಡ್ಸೋನು ಅಷ್ಟೆ. ಯಜಮಾನ್ರ ಹತ್ರ ಇರೋದು ಬಿಎಂಡಬ್ಲ್ಯು 530ಡಿ ಎಂ ಸ್ಪೋರ್ಟ್, 2017ರಲ್ಲಿ ಇಂಡಿಯಾಗೆ ಬಂತಲ್ಲ ಜಿ30 ಅಂತ, ಆ ಬಾಡಿದು. 2024ರಲ್ಲಿ ಹೊಸ 5 ಸೀರೀಸ್ ಉದ್ದದ್ದು ಬಂತು, ಆದ್ರೆ ಅದು ಬಂದಿದ್ದು ಪೆಟ್ರೋಲಲ್ಲಿ, ಹಾಗಾಗಿ ಆರು ಸಿಲಿಂಡರ್ ಡೀಸೆಲ್ಲೇ ಬೇಕು ಅನ್ನೋರು ಈಗ ಸೆಕೆಂಡ್ ಹ್ಯಾಂಡಲ್ಲಿ ಈ 530ಡಿ ಹುಡುಕ್ತಾ ಇರ್ತಾರೆ, ತಗೊಂಡವ್ರು ನಮ್ಮಂಥ ಡ್ರೈವರುಗಳ ಹತ್ರ ಬಂದು ಕೇಳೋ ಮೊದಲನೇ ಪ್ರಶ್ನೆ ಮೈಲೇಜ್ ಎಷ್ಟು, ಎರಡನೇದು ಕಂಫರ್ಟ್ ಮೋಡಲ್ಲಿ ಓಡಿಸ್ಬೇಕಾ ಸ್ಪೋರ್ಟ್ ಮೋಡಲ್ಲಿ ಓಡಿಸ್ಬೇಕಾ. ಮೈಲೇಜ್ ನಿಮ್ಮ ಕಾಲಿಗೆ ಬಿಟ್ಟಿದ್ದು. ಎರಡನೇದಕ್ಕೆ ಮಾತ್ರ ನನ್ ಹತ್ರ ಸ್ವಲ್ಪ ಉದ್ದದ ಉತ್ತರ ಇದೆ, ಯಾಕಂದ್ರೆ ರಿವ್ಯೂ ಮಾಡೋರೆಲ್ಲ ಮುಂದಿನ ಸೀಟಲ್ಲಿ ಕೂತು ಮಾಡ್ತಾರೆ, ಸಂಬಳ ಕೊಡೋರು ಕೂರೋದು ಹಿಂದೆ.

ಇಂಜಿನ್ ಬಗ್ಗೆ ಜಾಸ್ತಿ ಬರೆಯೋ ಅಗತ್ಯ ಇಲ್ಲ. 3 ಲೀಟರ್, 265 ಹಾರ್ಸ್‌ಪವರ್, 620 ನ್ಯೂಟನ್ ಮೀಟರ್ ಟಾರ್ಕ್, ಝಡ್‌ಎಫ್ ಕಂಪನಿಯ 8 ಸ್ಪೀಡ್ ಆಟೋಮ್ಯಾಟಿಕ್ ಗೇರ್‌ಬಾಕ್ಸ್, ಸೊನ್ನೆಯಿಂದ ನೂರಕ್ಕೆ 5.7 ಸೆಕೆಂಡ್. ಚೆನ್ನೈ ಪ್ಲಾಂಟಲ್ಲಿ ಜೋಡಿಸಿದ್ದು. ಇಷ್ಟು ಶಕ್ತಿ ಇರೋ ಗಾಡೀಲಿ ಸ್ಪೋರ್ಟ್ ಬಟನ್ ಒತ್ತಿದ್ರೆ ಇನ್ನೂ ಎಕ್ಸ್‌ಟ್ರಾ ಪವರ್ ಬರುತ್ತೆ ಅಂತ ಸುಮಾರು ಜನ ನಂಬಿದಾರೆ. ಬರಲ್ಲ ಸ್ವಾಮಿ. ಎಕ್ಸಲೇಟರ್ ಪೂರ್ತಿ ತುಳಿದ್ರೆ ಕಂಫರ್ಟಲ್ಲೂ ಅದೇ 265, ಸ್ಪೋರ್ಟಲ್ಲೂ ಅದೇ 265. ಬದಲಾಗೋದೇನಪ್ಪ ಅಂದ್ರೆ ಅರ್ಧ ತುಳಿದಾಗ ಎಷ್ಟು ಕೊಡುತ್ತೆ ಅನ್ನೋದು, ಗೇರ್ ಎಷ್ಟು ಹೊತ್ತು ಹಿಡ್ಕೊಂಡಿರುತ್ತೆ ಅನ್ನೋದು, ಸ್ಟೀರಿಂಗ್ ಎಷ್ಟು ಭಾರ ಅನ್ನೋದು, ಮತ್ತೆ ನಮ್ಮ ಗಾಡೀಲಿ ಎಲೆಕ್ಟ್ರಾನಿಕ್ ಡ್ಯಾಂಪರ್ (ಶಾಕ್ ಅಬ್ಸಾರ್ಬರ್) ಇರೋದ್ರಿಂದ ಸಸ್ಪೆನ್ಷನ್ ಎಷ್ಟು ಬಿಗಿ ಅನ್ನೋದು. ಈ ನಾಲ್ಕನ್ನೂ ಒಂದೇ ಬಟನ್ನಿಗೆ ಕಟ್ಟಿಟ್ಟಿದಾರೆ, ತಕರಾರು ಇರೋದೇ ಅಲ್ಲಿ. ಸ್ಟಾರ್ಟ್ ಮಾಡಿದಾಗಲೆಲ್ಲ ಗಾಡಿ ತಾನಾಗೇ ಕಂಫರ್ಟಿಗೆ ಬರುತ್ತೆ, ಹಾಗಾಗಿ ಎಷ್ಟೋ ಓನರ್‌ಗಳು ಗೇರ್ ಲಿವರ್ ಪಕ್ಕದ ಆ ಬಟನ್ ಮುಟ್ಟದೇನೇ ಗಾಡಿ ಮಾರಿರ್ತಾರೆ.

ಸಿಟೀಲಿ ಚರ್ಚೆಯೇ ಬೇಡ, ಕಂಫರ್ಟ್. ಸಿಲ್ಕ್ ಬೋರ್ಡಲ್ಲಿ ಸ್ಪೋರ್ಟ್ ಹಾಕ್ಕೊಂಡು ನಿಂತ್ರೆ ಆಟೋ ಸ್ಟಾರ್ಟ್ ಸ್ಟಾಪ್ ಕೆಲಸ ಮಾಡಲ್ಲ, ಇಂಜಿನ್ ಸುಮ್ನೆ ಓಡ್ತಾ ಡೀಸೆಲ್ ಕುಡೀತಿರುತ್ತೆ, ಕಾಲು ಹಂಗೆ ಮುಟ್ಟಿಸಿದ್ರೆ ಸಾಕು ಮುಂದಿನ ಸ್ಕೂಟರ್ ನಂಬರ್ ಪ್ಲೇಟ್ ಹತ್ರ ಹೋಗಿ ಮತ್ತೆ ಬ್ರೇಕ್. ನಾನು ಓಡ್ಸೋದು ಸರಿ ಇದೆಯಾ ಅಂತ ಗೊತ್ತಾಗೋಕೆ ನನಗೆ ಮೀಟರ್ ಬೇಡ, ಒಳಗಡೆ ಮಿರರ್ ಸಾಕು. ಅದರಲ್ಲಿ ಹಿಂದೆ ಕೂತಿರೋ ಅಮ್ಮಾವ್ರ ತಲೆ ನೋಡ್ತೀನಿ. ಗೇರ್ ಬಿದ್ದಾಗ ತಲೆ ಹಿಂದಕ್ಕೆ ಹೋಗಿ ಬಂತಾ, ಬ್ರೇಕ್ ಹಿಡಿದು ನಿಲ್ಲಿಸುವಾಗ ಕೊನೇಲಿ ಒಂದು ಚೂರು ಮುಂದಕ್ಕೆ ಬಾಗಿತಾ, ಅಷ್ಟೆ ಪರೀಕ್ಷೆ. ಕಂಫರ್ಟಲ್ಲಿ ಈ ಝಡ್‌ಎಫ್ ಗೇರ್‌ಬಾಕ್ಸ್ ಮೂರರಿಂದ ನಾಕಕ್ಕೆ ಹೋಗಿದ್ದು ಕಿವಿಗೂ ಗೊತ್ತಾಗಲ್ಲ, ತಲೆಗೂ ಗೊತ್ತಾಗಲ್ಲ. ಸ್ಪೋರ್ಟಲ್ಲಿ ಅದೇ ಗೇರ್‌ಬಾಕ್ಸ್ ಬೇಕಂತಲೇ ಸ್ವಲ್ಪ ಗುದ್ದಿ ಹಾಕುತ್ತೆ, ಓಡಿಸೋನಿಗೆ ಮಜಾ ಬರ್ಲಿ ಅಂತ. ಹಿಂದೆ ಕೂತು ಫೋನಲ್ಲಿ ಮೇಲ್ ಓದೋರಿಗೆ ಅದು ಮಜಾ ಅಲ್ಲ.

ಹಂಪ್ಸ್ ವಿಷಯದಲ್ಲಿ ಯಾವ ಮೋಡೂ ಕೈ ಹಿಡಿಯಲ್ಲ. ಲೇಔಟ್ ಒಳಗೆ ಅಸೋಸಿಯೇಷನ್‌ನೋರು ರಾತ್ರೋರಾತ್ರಿ ಕಟ್ಟಿರೋ ಹಂಪ್‌ಗೆ ಪೇಂಟೂ ಇರಲ್ಲ ಬೋರ್ಡೂ ಇರಲ್ಲ, ಅಲ್ಲಿ ಗಾಡೀನ ಸ್ವಲ್ಪ ಓರೆ ಮಾಡಿ ಒಂದೊಂದೇ ಚಕ್ರ ಹತ್ತಿಸ್ಬೇಕು, ಇಲ್ಲಾಂದ್ರೆ ಹೊಟ್ಟೆ ತಾಗುತ್ತೆ. ಬಟನ್ ಒತ್ತೋದಕ್ಕಿಂತ ಆ ಕೈಚಳಕ ಮುಖ್ಯ.

ಈಗ ಹೈವೇ. ಮೈಸೂರು ಎಕ್ಸ್‌ಪ್ರೆಸ್‌ವೇ 2023ರ ಮಾರ್ಚಲ್ಲಿ ಉದ್ಘಾಟನೆ ಆದಾಗ ಎಲ್ರೂ ಇನ್ಮೇಲೆ ಸ್ಪೋರ್ಟ್ ಮೋಡಿಗೆ ಕೆಲಸ ಬಂತು ಅಂದ್ಕೊಂಡ್ರು. ಲಿಮಿಟ್ ನೂರು, ಕ್ಯಾಮೆರಾ ಇದೆ, ಫೋಟೋ ಸಮೇತ ಫೈನ್ ಬರುತ್ತೆ. ನೂರರಲ್ಲಿ ಈ ಗಾಡಿ ಎಂಟನೇ ಗೇರಲ್ಲಿ 1500 ಆರ್‌ಪಿಎಂ ಕೂಡ ಮುಟ್ಟಲ್ಲ, ನಿದ್ದೆ ಮಾಡ್ಕೊಂಡೇ ಹೋಗುತ್ತೆ, ಹಂಗಿರುವಾಗ ಸ್ಪೋರ್ಟ್ ಹಾಕಿ ಒಂದು ಗೇರ್ ಕೆಳಗಿಟ್ಕೊಂಡು ಹೋಗೋದ್ರಲ್ಲಿ ಏನಿದೆ? ಆದ್ರೆ ಇಲ್ಲೇ ನಂಗೆ ಮೊದಲ ಅನುಮಾನ ಶುರುವಾಗಿದ್ದು. ಬಿಡದಿ, ರಾಮನಗರ, ಮದ್ದೂರು ಕಡೆ ಫ್ಲೈಓವರ್ ಮೇಲೆ ಜಾಯಿಂಟ್‌ಗಳು ಸಾಲಾಗಿ ಬರ್ತವೆ. ಒಂಟಿ ಜಾಯಿಂಟ್ ಆದ್ರೆ ಕಂಫರ್ಟ್ ಅದನ್ನ ಚೆನ್ನಾಗಿ ನುಂಗುತ್ತೆ. ಒಂದರ ಹಿಂದೆ ಒಂದು ಬಂದ್ರೆ ಮೊದಲನೇದರ ಅಲುಗಾಟ ಮುಗಿಯೋ ಮುಂಚೆ ಎರಡನೇದು ಬರುತ್ತೆ, ಬಾಡಿ ಮೇಲೆ ಕೆಳಗೆ ತೆಪ್ಪದ ಥರ ತೇಲೋಕೆ ಶುರು ಮಾಡುತ್ತೆ. ಸ್ಟೀರಿಂಗ್ ಹಿಡಿದ ನಮಗೆ ರಸ್ತೆ ಮುಂದೆ ಕಾಣ್ತಿರುತ್ತೆ, ಮೈ ತಾನೇ ರೆಡಿ ಆಗಿರುತ್ತೆ. ಹಿಂದೆ ಕೂತು ತಲೆ ಬಗ್ಗಿಸಿ ಓದ್ತಾ ಇರೋರಿಗೆ ಕಣ್ಣು ಒಂದು ಹೇಳುತ್ತೆ, ಒಳಗಿವಿ ಇನ್ನೊಂದು ಹೇಳುತ್ತೆ, ಹೊಟ್ಟೆ ತೊಳೆಸೋದು ಅದಕ್ಕೆ. ಇದು ಈ ಗಾಡಿ ತಪ್ಪಲ್ಲ, ಮೆತ್ತಗಿರೋ ಯಾವ ಗಾಡಿಯಾದ್ರೂ ಇಷ್ಟೇ. ಗಟ್ಟಿ ಕುಲುಕಾಟ ಸೊಂಟಕ್ಕೆ ಕೆಟ್ಟದ್ದು, ನಿಧಾನದ ತೇಲಾಟ ಹೊಟ್ಟೆಗೆ ಕೆಟ್ಟದ್ದು, ಕಂಫರ್ಟ್ ಬಟನ್ ಮೊದಲನೇದಕ್ಕೆ ಮಾತ್ರ ಔಷಧ.

ಇದು ಸರಿಯಾಗಿ ಅರ್ಥ ಆಗೋದು ಘಾಟಿಯಲ್ಲಿ. ಯಜಮಾನ್ರ ಮನೆಯವ್ರು ಧರ್ಮಸ್ಥಳಕ್ಕೆ ತಪ್ಪದೇ ಹೋಗ್ತಾರೆ, ಹಾಸನ, ಬೇಲೂರು, ಮೂಡಿಗೆರೆ ಮೇಲೆ ಕೊಟ್ಟಿಗೆಹಾರ, ಅಲ್ಲಿ ನೀರ್ ದೋಸೆ ತಿನ್ನದೆ ಮುಂದೆ ಹೋಗಂಗಿಲ್ಲ, ಆಮೇಲೆ ಚಾರ್ಮಾಡಿ. ತಿಂದ ತಕ್ಷಣ ಘಾಟಿ ಇಳಿಯೋದು ಅಂದ್ರೆ ಡ್ರೈವರಿಗೆ ಪರೀಕ್ಷೆ. ಪೂರ್ತಿ ಕಂಫರ್ಟಲ್ಲಿ ಇಳಿದ್ರೆ ತಿರುವಿಗೆ ಬಾಡಿ ಒಂದು ಕಡೆ ವಾಲುತ್ತೆ, ತಿರುವು ಮುಗಿದು ಸ್ಟೀರಿಂಗ್ ನೇರ ಮಾಡಿದ ಮೇಲೆ ವಾಪಸ್ ಬರೋಕೆ ಅರ್ಧ ಕ್ಷಣ ತಗೊಳ್ಳುತ್ತೆ, ಅಷ್ಟರಲ್ಲಿ ಮುಂದಿನ ತಿರುವು ಆ ಕಡೆಗೆ. ಪೂರ್ತಿ ಸ್ಪೋರ್ಟಲ್ಲಿ ಇಳಿದ್ರೆ ಬಾಡಿ ಗಟ್ಟಿಯಾಗಿ ನಿಲ್ಲುತ್ತೆ ನಿಜ, ಆದ್ರೆ ಎಕ್ಸಲೇಟರ್ ಮುಟ್ಟಿದ್ರೆ ಜಿಗಿಯುತ್ತೆ, ಬಿಟ್ರೆ ಎಳೆಯುತ್ತೆ, ಮಿರರಲ್ಲಿ ತಲೆಗಳು ಹಿಂದೆ ಮುಂದೆ ಆಡ್ತವೆ. ಎರಡೂ ಬೇಡ.

ಬೇಕಾಗಿರೋದು ನಾಲ್ಕನ್ನೂ ಒಂದೇ ಬಟನ್ನಿಗೆ ಕಟ್ಟಿರೋ ಆ ಕಟ್ಟನ್ನ ಬಿಚ್ಚೋದು. ಸ್ಪೋರ್ಟ್ ಬಟನ್ ಇನ್ನೊಂದ್ಸಲ ಒತ್ತಿದ್ರೆ ಸ್ಕ್ರೀನ್ ಮೇಲೆ ಸ್ಪೋರ್ಟ್ ಇಂಡಿವಿಜುವಲ್ ಅಂತ ಬರುತ್ತೆ, ಅದನ್ನ ಕಾನ್ಫಿಗರ್ ಮಾಡೋ ಮೆನು ಒಳಗೆ ಹೋದ್ರೆ ಚಾಸಿ (ಅಂದ್ರೆ ಸಸ್ಪೆನ್ಷನ್), ಸ್ಟೀರಿಂಗ್, ಇಂಜಿನ್, ಟ್ರಾನ್ಸ್‌ಮಿಷನ್ ಅಂತ ಬೇರೆ ಬೇರೆ ಕಾಣುತ್ತೆ. ಚಾಸಿ ಮಾತ್ರ ಸ್ಪೋರ್ಟ್, ಉಳಿದ ಮೂರೂ ಕಂಫರ್ಟ್. ಒಂದ್ಸಲ ಸೆಟ್ ಮಾಡಿದ್ರೆ ನೆನಪಿಟ್ಕೊಂಡಿರುತ್ತೆ, ಬೇಕಾದಾಗ ಬಟನ್ ಒತ್ತಿದ್ರೆ ಆಯ್ತು. ಈ ಸೆಟ್ಟಿಂಗಲ್ಲಿ ಚಾರ್ಮಾಡಿ ಇಳಿದ್ರೆ ಗಾಡಿ ವಾಲಾಟ ತಟ್ಟನೆ ನಿಲ್ಲುತ್ತೆ, ಪೆಡಲ್ ಮಾತ್ರ ಮೃದುವಾಗೇ ಇರುತ್ತೆ, ಅಮ್ಮಾವ್ರು ಅದಕ್ಕೆ ಮುಂಚೆ ಕಿಟಕಿ ಇಳಿಸಿ ನಿಂಬೆಹಣ್ಣು ಮೂಸ್ಕೊಂಡು ಕೂರೋರು ಈಗ ಉಜಿರೆ ತನಕ ಮಾತಾಡ್ಕೊಂಡು ಬರ್ತಾರೆ. "ಏನಪ್ಪಾ, ರಸ್ತೆ ರಿಪೇರಿ ಮಾಡಿದಾರಾ?" ಅಂದ್ರು. ಹೌದಮ್ಮ ಅಂದೆ, ಡ್ಯಾಂಪರ್ ಕಥೆ ಹೇಳೋಕೆ ಅದು ಟೈಮಲ್ಲ.

ಇಳಿಜಾರಿಗೆ ಇನ್ನೊಂದು ಕಿವಿಮಾತು. ಕಂಫರ್ಟ್ ಗೇರ್‌ಬಾಕ್ಸ್ ಯಾವಾಗ್ಲೂ ಮೇಲಿನ ಗೇರಿಗೆ ಓಡೋಕೆ ನೋಡುತ್ತೆ, ಇಳಿಜಾರಲ್ಲಿ ಹಂಗೆ ಬಿಟ್ರೆ ಪೂರಾ ಭಾರ ಬ್ರೇಕ್ ಮೇಲೆ. ಮೆನುಗೆಲ್ಲ ಹೋಗ್ಬೇಡಿ, ಡ್ರೈವಲ್ಲಿ ಇರೋ ಲಿವರನ್ನ ಎಡಗಡೆ ತಳ್ಳಿ, ಗೇರ್‌ಬಾಕ್ಸ್ ಒಂದೇ ಸ್ಪೋರ್ಟಿಗೆ ಹೋಗುತ್ತೆ, ಅಲ್ಲಿಂದ ಮುಂದಕ್ಕೆ ತಳ್ಳಿದ್ರೆ ಒಂದು ಗೇರ್ ಕಮ್ಮಿ. ತಿರುವು ಬರೋಕೆ ಸಾಕಷ್ಟು ಮುಂಚೆ, ನೇರ ಇರುವಾಗ್ಲೇ ಕಮ್ಮಿ ಮಾಡಿ, ತಿರುವಿನ ಮಧ್ಯದಲ್ಲಿ ಮಾಡಿದ್ರೆ ಮತ್ತೆ ತಲೆ ಆಡುತ್ತೆ. ಆರು ಸಿಲಿಂಡರ್ ಡೀಸೆಲ್ ಇಂಜಿನ್ ಬ್ರೇಕಿಂಗ್ ಚೆನ್ನಾಗೇ ಹಿಡಿಯುತ್ತೆ, ಕೆಳಗೆ ಚಾರ್ಮಾಡಿ ಊರು ಬರೋ ಹೊತ್ತಿಗೆ ಬ್ರೇಕ್ ಸುಟ್ಟ ವಾಸನೆ ಹೊಡೆಯಲ್ಲ.

ಸ್ಟೀರಿಂಗ್ ಸ್ಪೋರ್ಟ್ ಬಗ್ಗೆ ನನ್ ಅಭಿಪ್ರಾಯ ಕೇಳಿದ್ರೆ, ಅದು ಬರೀ ಭಾರ. ಚಕ್ರದ ಕೆಳಗೆ ಏನಾಗ್ತಿದೆ ಅಂತ ಹೆಚ್ಚಿಗೆ ಏನೂ ಹೇಳಲ್ಲ. ಯಜಮಾನ್ರ ಮಗ ಇದನ್ನ ಒಪ್ಪಲ್ಲ, ಅವರು ಭಾನುವಾರ ಬೆಳಗ್ಗೆ ನಂದಿ ಬೆಟ್ಟಕ್ಕೆ ಒಬ್ರೇ ಹೋಗುವಾಗ ನಾಲ್ಕೂ ಸ್ಪೋರ್ಟಲ್ಲೇ ಇಟ್ಕೊಂಡು ಹೋಗ್ತಾರೆ, ಒಬ್ರೇ ಇರುವಾಗ ಅದೂ ಸರೀನೇ, ಗಾಡಿ ಅದಕ್ಕೂ ಮಾಡಿರೋದೇ ತಾನೆ. ಹಿಂದಿನ ಚಕ್ರದಿಂದ ತಳ್ಳೋ ಗಾಡಿ, 620 ಟಾರ್ಕು, ಮಳೆ ಬಂದಾಗ ಮಾತ್ರ ಕಂಫರ್ಟಲ್ಲೇ ಹೋಗಿ ಅಂತ ಹೇಳಿದೀನಿ, ಒದ್ದೆ ರಸ್ತೇಲಿ ಪೆಡಲ್ ನಿಧಾನಕ್ಕೆ ಕೊಟ್ಟಷ್ಟೂ ಒಳ್ಳೇದು. ಇಕೋ ಪ್ರೋ ಅಂತ ಇನ್ನೊಂದಿದೆ, ಏಸಿ ಶಕ್ತಿ ಕಮ್ಮಿ ಮಾಡುತ್ತೆ, ಕಾಲು ಬಿಟ್ರೆ ಗೇರಿಂದ ಬಿಡಿಸ್ಕೊಂಡು ತೇಲುತ್ತೆ, ಖಾಲಿ ಹೈವೇಲಿ ಪರ್ವಾಗಿಲ್ಲ. ಅಡಾಪ್ಟಿವ್ ಅನ್ನೋದು ನಾವು ಓಡ್ಸೋ ರೀತಿ ನೋಡಿ ತಾನೇ ಬದಲಾಗುತ್ತೆ, ಕೆಟ್ಟದ್ದೇನಲ್ಲ, ಆದ್ರೆ ಯಾವಾಗ ಏನು ಮಾಡುತ್ತೆ ಅಂತ ಮುಂಚೆ ಗೊತ್ತಾಗಲ್ಲ, ಹಿಂದೆ ಜನ ಇರುವಾಗ ನಂಗೆ ಅದು ಇಷ್ಟ ಇಲ್ಲ.

ಸೆಕೆಂಡ್ ಹ್ಯಾಂಡ್ ನೋಡ್ತಿರೋರು ಒಂದು ಗಮನಿಸಿ. ಎಲ್ಲಾ ಲಕ್ಷುರಿ ಗಾಡೀಲೂ ಬಟನ್ ಒತ್ತಿದ್ರೆ ಸಸ್ಪೆನ್ಷನ್ ಬದಲಾಗಲ್ಲ. ಮಾಮೂಲಿ ಡ್ಯಾಂಪರ್ ಇರೋ ಗಾಡೀಲೂ ಕಂಫರ್ಟ್, ಸ್ಪೋರ್ಟ್ ಬಟನ್ ಇರುತ್ತೆ, ಅಲ್ಲಿ ಬದಲಾಗೋದು ಇಂಜಿನ್, ಗೇರ್, ಸ್ಟೀರಿಂಗ್ ಅಷ್ಟೆ, ಮೀಟರ್ ಕೆಂಪಗಾಗುತ್ತೆ, ಗುಂಡಿಗೆ ಬಿದ್ರೆ ಅದೇ ಸದ್ದು. ಇಂಡಿವಿಜುವಲ್ ಮೆನು ತೆಗೆದು ಚಾಸಿ ಅನ್ನೋ ಸಾಲು ಇದೆಯಾ ನೋಡಿ, ಇದ್ರೆ ಟೆಸ್ಟ್ ಡ್ರೈವಲ್ಲಿ ಅದೊಂದನ್ನೇ ಬದಲಾಯಿಸಿ, ನೀವು ಓಡ್ಸೋದು ಬಿಟ್ಟು ಹಿಂದಿನ ಸೀಟಲ್ಲಿ ಕೂತು ನೋಡಿ. ವ್ಯತ್ಯಾಸವೇ ಗೊತ್ತಾಗ್ಲಿಲ್ಲ ಅಂದ್ರೆ ಚಕ್ರದ ಒಳಗೆ ಟಾರ್ಚ್ ಬಿಟ್ಟು ಡ್ಯಾಂಪರ್ ಮೇಲೆ ಎಣ್ಣೆ ಜಿಡ್ಡು ಇದೆಯಾ ನೋಡಿ, ಎಲೆಕ್ಟ್ರಾನಿಕ್ ಡ್ಯಾಂಪರ್ ಒಂದೊಂದಕ್ಕೂ ಬರೋ ಬಿಲ್ಲು ಮಾಮೂಲಿ ಡ್ಯಾಂಪರ್ ರೇಟಲ್ಲ.

ಟೈರ್ ಮರೀಬೇಡಿ. ಇದಕ್ಕೆ ಬರೋದು ರನ್ ಫ್ಲಾಟ್, ಪಂಕ್ಚರ್ ಆದ್ರೂ ಸ್ವಲ್ಪ ದೂರ ಹೋಗ್ಬೋದು ಅಂತ ಸೈಡ್‌ವಾಲ್ ದಪ್ಪ ಮಾಡಿರ್ತಾರೆ, ಸಣ್ಣ ಸಣ್ಣ ಗುಂಡಿ ಗಡಸಾಗಿ ಒಳಗೆ ಬರೋದು ಅದರಿಂದಾನೂ. ಟೈರ್ ಸವೆದಾಗ ಮಾಮೂಲಿ ಟೈರ್ ಹಾಕಿಸ್ಕೊಂಡ ಗೆಳೆಯ ಡ್ರೈವರ್ ಒಬ್ರು ಇದಾರೆ, ಅವರ ಗಾಡೀಲಿ ಸ್ಪೋರ್ಟ್ ಚಾಸಿ ಕೂಡ ನಮ್ಮ ಕಂಫರ್ಟಿಗಿಂತ ಮೆತ್ತಗಿದೆ ಅನ್ಸ್ತು ನಂಗೆ, ಆದ್ರೆ ಸ್ಟೆಪ್ನಿ ಯಾವಾಗ್ಲೂ ಸರಿ ಇಟ್ಕೊಂಡಿರ್ಬೇಕು. ಮತ್ತೆ ಗಾಳಿ. ಬಂಕಲ್ಲಿ ಗಾಳಿ ಹಾಕೋ ಹುಡುಗ ದೊಡ್ಡ ಗಾಡಿ ಅಂತ ನಾಕು ಪಾಯಿಂಟ್ ಜಾಸ್ತೀನೇ ಹೊಡೆದು ಕಳಿಸ್ತಾನೆ, ಡ್ರೈವರ್ ಡೋರ್ ತೆಗೆದ್ರೆ ಪಿಲ್ಲರ್ ಮೇಲೆ ಸ್ಟಿಕ್ಕರ್ ಇದೆ, ಜನ ಕಮ್ಮಿ ಇದ್ರೆ ಎಷ್ಟು, ಫುಲ್ ಲೋಡಿಗೆ ಎಷ್ಟು ಅಂತ, ಅದನ್ನ ತೋರಿಸಿ ಹಾಕಿಸಿ, ಬೆಳಗ್ಗೆ ಟೈರ್ ತಣ್ಣಗಿರುವಾಗ.