ಸಾಲಾರ್ ಜಂಗ್ ನೋಡಲು ‘ಸಿಟಿ ಟೂರ್’ ಬಸ್ ಹತ್ತಬೇಡಿ

ರಜೆಗೆ ಹೈದರಾಬಾದಿಗೆ ಹೊರಟಿರುವವರು, ಅದರಲ್ಲೂ ನಮ್ಮ ಬೀದರ್, ಕಲಬುರಗಿ, ರಾಯಚೂರು ಕಡೆಯವರು, ದಯವಿಟ್ಟು ಇದನ್ನು ಓದಿ ಹೊರಡಿ. ಸಾಲಾರ್ ಜಂಗ್ ಮ್ಯೂಸಿಯಂ ನೋಡುವ ಆಸೆ ನಿಮಗಿದ್ದರೆ, ಹೋಟೆಲ್ ಬಾಗಿಲಲ್ಲಿ ಹರಿದು ಕೊಡುವ ‘ಒಂದು ದಿನದ ಸಿಟಿ ಟೂರ್’ ಚೀಟಿಗೆ ದುಡ್ಡು ಕೊಡಬೇಡಿ.

ದಸರಾ ರಜೆಯಲ್ಲಿ ನಾವು ಹೋಗಿದ್ದೇ ಅಪ್ಪನ ಸಲುವಾಗಿ. ಹರೆಯದಲ್ಲಿ ಬಿದ್ರಿ ಕೆಲಸ ಮಾಡಿದವರು ಅವರು. ಸತು-ತಾಮ್ರದ ಎರಕದ ಮೇಲೆ ಉಳಿಯಿಂದ ಕೊರೆದು, ಆ ಗೀರಿನೊಳಗೆ ಬೆಳ್ಳಿ ತಂತಿ ಬಡಿದು ಕೂರಿಸಿ, ಕೊನೆಗೆ ಬೀದರ್ ಕೋಟೆಯ ಮಣ್ಣಿನಿಂದ ಕಪ್ಪು ಬರಿಸುವ ಕೆಲಸ. ಹಳೆಯ ಉಸ್ತಾದರ ಕೈಯ ಸಾಮಾನು ಸಾಲಾರ್ ಜಂಗ್‌ನಲ್ಲಿದೆ ಎಂದು ಕೇಳುತ್ತಲೇ ಬಂದಿದ್ದರು, ನೋಡಿರಲಿಲ್ಲ. ಅದಕ್ಕೇ ಏಜೆಂಟನ ಹತ್ತಿರ ಬಿಡಿಸಿ ಬಿಡಿಸಿ ಕೇಳಿದ್ದೆವು. ಮ್ಯೂಸಿಯಂನಲ್ಲಿ ಎರಡೂವರೆ ತಾಸು ಬಿಡುತ್ತೇವೆ, ಟಿಕೆಟ್ಟೂ ಇದರಲ್ಲೇ ಸೇರಿದೆ ಅಂದ. ಚೀಟಿಯ ಮೇಲೂ ಮ್ಯೂಸಿಯಂ ಹೆಸರು ದಪ್ಪ ಅಕ್ಷರದಲ್ಲಿತ್ತು.

ಬೆಳಗ್ಗೆ ಗೋಲ್ಕೊಂಡಾ ತೋರಿಸಿದರು, ಅದರಲ್ಲಿ ತಕರಾರಿಲ್ಲ. ಅಲ್ಲಿಂದ ಶುರುವಾಯಿತು ಅಂಗಡಿ ಯಾತ್ರೆ. ಮೊದಲು ಮುತ್ತಿನ ಅಂಗಡಿ. ‘ಫ್ಯಾಕ್ಟರಿ ರೇಟ್’ ಅಂತ ಗೈಡ್ ಹೇಳಿದ್ದೇ ತಡ, ಡ್ರೈವರ್ ಎಸಿ ಆರಿಸಿ, ಎಲ್ಲರನ್ನೂ ಇಳಿಸಿ, ಬಸ್ಸಿಗೆ ಬೀಗ ಹಾಕಿದ. ಬಿಸಿಲಲ್ಲಿ ನಿಲ್ಲಬೇಕು, ಇಲ್ಲವೇ ಒಳಗೆ ಹೋಗಬೇಕು. ಬಾಗಿಲಲ್ಲಿ ಒಬ್ಬ ಬಸ್ಸಿನ ನಂಬರ್ ಬರೆದುಕೊಂಡು ತಲೆ ಎಣಿಸುತ್ತಿದ್ದ. ಈ ನಂಬರ್ ಬರೆದುಕೊಳ್ಳುವುದನ್ನು ಎಲ್ಲೇ ಕಂಡರೂ ಕಮಿಷನ್ ವ್ಯವಹಾರ ಅಂತಲೇ ತಿಳಿಯಿರಿ. ಆಮೇಲೆ ಅವರೇ ಗೊತ್ತು ಮಾಡಿದ್ದ ಹೋಟೆಲಿನಲ್ಲಿ ಊಟ, ಆಮೇಲೆ ಸೀರೆ ಅಂಗಡಿ, ಅದಾದ ಮೇಲೆ ‘ಸರ್ಕಾರಿ ಎಂಪೋರಿಯಂ’ ಎಂದು ಹೇಳಿಕೊಂಡ ಖಾಸಗಿ ಅಂಗಡಿ. ಕೇಳಿದಾಗಲೆಲ್ಲ ಒಂದೇ ಉತ್ತರ: ಟ್ರಾಫಿಕ್.

ಮ್ಯೂಸಿಯಂ ಮುಂದೆ ಇಳಿಸುವಾಗ ನಾಲ್ಕು ದಾಟಿತ್ತು. ಬಾಗಿಲು ಹಾಕುವುದು ಐದಕ್ಕೆ, ಟಿಕೆಟ್ ಕೊಡುವುದನ್ನು ಅದಕ್ಕೂ ಮೊದಲೇ ನಿಲ್ಲಿಸುತ್ತಾರೆ. ಟಿಕೆಟ್ ನಮ್ಮದೇ ಖರ್ಚು ಎಂದು ಗೈಡ್ ಅಲ್ಲಿ ಹೇಳಿದ. ಜಗಳಕ್ಕೆ ಸಮಯ ಎಲ್ಲಿತ್ತು? ಓಡಿ ಟಿಕೆಟ್ ತಗೊಂಡೆವು. ಅಪ್ಪನಿಗೆ ಮಂಡಿನೋವು, ಬೇಗ ಬೇಗ ನಡೆಯಲಾಗದು. ಬಿದ್ರಿ ಸಾಮಾನು ಎಲ್ಲಿ ಎಂದು ಕೇಳಿಕೊಂಡು ಅರ್ಧ ದಾರಿ ಹೋಗುವಷ್ಟರಲ್ಲಿ ಕಾವಲಿನವರು ಶಿಳ್ಳೆ ಊದುತ್ತ ಎಲ್ಲರನ್ನೂ ಹೊರಗೆ ಕಳಿಸತೊಡಗಿದರು. ಅವರದೇನೂ ತಪ್ಪಿಲ್ಲ, ಹೊತ್ತಾಗಿತ್ತು. ‘ಇರಲಿ ಬಿಡಪ್ಪಾ’ ಅಂದರು ಅಪ್ಪ. ನನಗೆ ಮಾತ್ರ ಈಗಲೂ ಹೊಟ್ಟೆ ಉರಿಯುತ್ತದೆ.

ಅದು ಅರ್ಧ ಗಂಟೆಯಲ್ಲಿ ಮುಗಿಸುವ ಜಾಗವಲ್ಲ. ನಿಜಾಮರ ದಿವಾನರಾಗಿದ್ದ ಮೂರನೇ ಸಾಲಾರ್ ಜಂಗ್, ಮೀರ್ ಯೂಸುಫ್ ಅಲಿ ಖಾನ್, 1949ರಲ್ಲಿ ತೀರಿಹೋಗುವವರೆಗೂ ಕೂಡಿಸುತ್ತಲೇ ಇದ್ದ ಸಂಗ್ರಹ; ಅವರ ತಾತ ತಂದದ್ದೂ ಅದರಲ್ಲಿ ಸೇರಿದೆ. 1951ರಲ್ಲಿ ಜನರಿಗೆ ತೆರೆದರು, ಈಗಿನ ಕಟ್ಟಡಕ್ಕೆ ಬಂದದ್ದು 1968ರಲ್ಲಿ. ಇಟಲಿಯ ಶಿಲ್ಪಿ ಬೆಂಜೋನಿ ಕಡೆದ, ಮುಖದ ಮೇಲಿನ ತೆಳು ಮುಸುಕೂ ಅಮೃತಶಿಲೆಯದೇ ಆದ, ಬೈಬಲ್ ಕಥೆಯ ರೆಬೆಕಾ ಇಲ್ಲಿದ್ದಾಳೆ. ಫ್ರಾನ್ಸಿನ ಹದಿನಾರನೇ ಲೂಯಿ ಟಿಪ್ಪು ಸುಲ್ತಾನರಿಗೆ ಕಳಿಸಿದ್ದೆಂದು ಹೇಳುವ ದಂತದ ಕುರ್ಚಿಗಳಿವೆ. ಒಂದೇ ಮರದ ದಿಮ್ಮಿಯಲ್ಲಿ ಕೆತ್ತಿದ ಜೋಡಿ ವಿಗ್ರಹವಿದೆ: ಮುಂದೆ ಜರ್ಮನ್ ನಾಟಕ ‘ಫೌಸ್ಟ್’ನ ಸೈತಾನ ಮೆಫಿಸ್ಟೊಫಿಲಿಸ್, ಹಿಂದೆ ಅದೇ ನಾಟಕದ ಹುಡುಗಿ ಮಾರ್ಗರೆಟ್ಟಾ. ಹಿಂಬದಿ ಕಾಣಲೆಂದು ಕನ್ನಡಿ ಇಟ್ಟಿದ್ದಾರೆ. ಇದನ್ನೆಲ್ಲ ನಿಂತು ನೋಡಬೇಕು.

ಹಾಗಾಗಿ ಏಜೆಂಟರನ್ನು ಬಿಟ್ಟು ನೀವೇ ಹೋಗಿ. ಊರಿನಿಂದ ಬರುವ ನಮ್ಮ ಬಸ್ಸುಗಳು ನಿಲ್ಲುವ ಇಮ್ಲಿಬನ್ ಬಸ್ ನಿಲ್ದಾಣದಿಂದ, ಅಂದರೆ ಎಂಜಿಬಿಎಸ್‌ನಿಂದ, ಮ್ಯೂಸಿಯಂ ಬಹಳ ಹತ್ತಿರ, ಆಟೋ ಸಾಕು. ಶುಕ್ರವಾರ ರಜೆ, ಅವತ್ತು ಹೋಗಲೇಬೇಡಿ. ಬೆಳಗ್ಗೆ ಹತ್ತಕ್ಕೆ ತೆರೆಯುತ್ತಿದ್ದಂತೆ ಒಳಗಿರಿ, ನಿಮಗೆ ಮುಖ್ಯವಾದ ಕೋಣೆಯನ್ನು ಮೊದಲು ನೋಡಿ. ಮಧ್ಯಾಹ್ನ ಹನ್ನೆರಡಕ್ಕೆ ಸಂಗೀತ ಗಡಿಯಾರದ ಗೊಂಬೆ ಹೊರಬಂದು ಗಂಟೆ ಬಾರಿಸುವುದನ್ನು ನೋಡಲು ಜನ ಸೇರುತ್ತಾರೆ, ಮಕ್ಕಳಿದ್ದರೆ ಸ್ವಲ್ಪ ಮುಂಚೆಯೇ ಹೋಗಿ ಕೂರಿಸಿ. ಗೋಲ್ಕೊಂಡಾವನ್ನು ಬೇರೆ ದಿನಕ್ಕೆ ಇಟ್ಟುಕೊಳ್ಳಿ.

ಟೂರ್ ಬಸ್ಸೇ ಅನಿವಾರ್ಯವಾದರೆ, ಮ್ಯೂಸಿಯಂ ತಲುಪುವ ಸಮಯವನ್ನೂ ಟಿಕೆಟ್ ಯಾರ ಖರ್ಚು ಎಂಬುದನ್ನೂ ಚೀಟಿಯ ಮೇಲೆ ಬರೆಸಿಕೊಳ್ಳಿ. ಬರೆದುಕೊಡಲು ಹಿಂದೆ ಮುಂದೆ ನೋಡಿದರೆ ಎದ್ದು ಬನ್ನಿ. ನಮ್ಮ ಏಜೆಂಟ್ ಬಾಯಿಮಾತಿನ ಎರಡೂವರೆ ತಾಸನ್ನು ಹಾಗೆ ಹೇಳೇ ಇಲ್ಲವೆಂದ, ಒಂದು ರೂಪಾಯಿಯೂ ವಾಪಸ್ ಕೊಡಲಿಲ್ಲ. ಚೀಟಿಯನ್ನು ಜೋಪಾನವಾಗಿಟ್ಟುಕೊಂಡು ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇವೆ. ಇದೇ ರೀತಿ ಮೋಸ ಹೋದವರು ನೀವೂ ಕೊಡಿ.