ಮಳೆಗಾಲದ ನಾಯಿಗೆ ಔಷಧಿ ಶಾಂಪೂ: ನಾಲ್ಕು ತಿಂಗಳ ಬಳಕೆಯ ಅನುಭವ

ಕೊಡಗಿನ ನಾಪೋಕ್ಲು ಕಡೆಯ ನಮ್ಮ ತೋಟದಲ್ಲಿ ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್‌ವರೆಗೆ ಪೂರ್ತಿ ಬಿಡುವುದಿಲ್ಲ. ಈ ಅವಧಿಯಲ್ಲಿ ನಮ್ಮ ಆರು ವರ್ಷದ ಲ್ಯಾಬ್ರಡಾರ್ ಮಣಿಯ ಮೈ ಒಣಗಿದ ದಿನಗಳನ್ನು ಬೆರಳಲ್ಲಿ ಎಣಿಸಬಹುದು. ಕಳೆದ ಮಳೆಗಾಲದ ಆರಂಭದಲ್ಲೇ ಅವಳು ಕಾಲ್ಬೆರಳ ಸಂದುಗಳನ್ನು ರಾತ್ರಿಯಿಡೀ ನೆಕ್ಕತೊಡಗಿದಳು. ತಿಳಿಹಳದಿ ಕೂದಲು ಅಲ್ಲಿ ಕಂದು ಬಣ್ಣಕ್ಕೆ ತಿರುಗಿತು, ಹೊಟ್ಟೆಯ ಚರ್ಮ ಕೆಂಪಾಗಿ ದಪ್ಪಗಾಯಿತು, ಹತ್ತಿರ ಕೂತರೆ ಹಳಸಿದ ಎಣ್ಣೆಯಂಥ ವಾಸನೆ ಮೂಗಿಗೆ ಬಡಿಯುತ್ತಿತ್ತು. ಮೊದಲು ನಾವು ಮಾಡಿದ್ದು ತಪ್ಪೇ: ಮನೆಯವರು ಬಳಸುವ ಸೋಪಿನಿಂದಲೇ ವಾರಕ್ಕೊಮ್ಮೆ ಉಜ್ಜಿ ತೊಳೆದೆವು. ಮನುಷ್ಯರ ಚರ್ಮ ತುಸು ಆಮ್ಲೀಯ, ನಾಯಿಯದು ತಟಸ್ಥಕ್ಕೆ ಹತ್ತಿರ. ನಮ್ಮ ಸೋಪು, ಶಾಂಪೂಗಳು ಅದರ ಚರ್ಮಕ್ಕೆಂದು ತಯಾರಾದವಲ್ಲ. ತುರಿಕೆ ಇನ್ನಷ್ಟು ಹೆಚ್ಚಿತು.

ಮಡಿಕೇರಿಯ ಪಶುವೈದ್ಯರು ಔಷಧಿ ಬರೆಯುವ ಮುನ್ನ ಪಾರದರ್ಶಕ ಅಂಟುಪಟ್ಟಿಯ ತುಂಡೊಂದನ್ನು ಮಣಿಯ ಬೆರಳ ಸಂದಿಗೆ ಒತ್ತಿ ತೆಗೆದು, ಬಣ್ಣ ಹಾಕಿ, ಸೂಕ್ಷ್ಮದರ್ಶಕದ ಕೆಳಗಿಟ್ಟು ನನಗೂ ತೋರಿಸಿದರು. ನೇರಳೆ ಬಣ್ಣದಲ್ಲಿ, ನಡು ಸಣ್ಣಗಾದ ಕಡಲೆಕಾಯಿಯ ಆಕಾರದ ಕಣಗಳು ಗುಂಪುಗುಂಪಾಗಿ ಕಂಡವು. ಅದು ಮಲಸೀಜಿಯ ಎಂಬ ಯೀಸ್ಟ್. ಆರೋಗ್ಯವಂತ ನಾಯಿಯ ಮೈಮೇಲೂ ಅದು ಸ್ವಲ್ಪ ಇರುತ್ತದೆ, ತೇವ ಮತ್ತು ಜಿಡ್ಡು ಸಿಕ್ಕಾಗ ಮಿತಿ ಮೀರಿ ಬೆಳೆಯುತ್ತದೆ. ಅವರು ಸೂಚಿಸಿದ್ದು ಕ್ಲೋರ್‌ಹೆಕ್ಸಿಡಿನ್ ಮತ್ತು ಮೈಕೊನಜೋಲ್ ಎರಡೂ ಶೇ. 2ರಷ್ಟಿರುವ ಶಾಂಪೂ. ಮೊದಲನೆಯದು ಮುಖ್ಯವಾಗಿ ಬ್ಯಾಕ್ಟೀರಿಯಾಗಳನ್ನೂ ಎರಡನೆಯದು ಯೀಸ್ಟನ್ನೂ ಹತೋಟಿಗೆ ತರುತ್ತವೆ. ಈ ಜೋಡಿ ಬೇರೆ ಬೇರೆ ಹೆಸರಿನಲ್ಲಿ ಸಿಗುವುದರಿಂದ, ಕೊಳ್ಳುವವರು ಬಾಟಲಿಯ ಮುಂಭಾಗದ ಚಿತ್ರಕ್ಕಿಂತ ಹಿಂಭಾಗದ ಈ ಅಂಕಿಗಳನ್ನು ನೋಡುವುದು ಒಳ್ಳೆಯದು.

ಬಳಸುವ ಕ್ರಮದಲ್ಲೇ ಇದರ ಗುಣ ಅಡಗಿದೆ. ಹಂಡೆಯ ನೀರನ್ನು ಉಗುರುಬೆಚ್ಚಗಾಗುವಂತೆ ಬೆರೆಸಿ, ಕೂದಲು ಬುಡದವರೆಗೆ ನೆನೆಸಿ, ಶಾಂಪೂವನ್ನು ಚರ್ಮಕ್ಕೆ ತಾಗುವಂತೆ ತಿಕ್ಕಿ, ಹತ್ತು ನಿಮಿಷ ಹಾಗೆಯೇ ಬಿಡಬೇಕು. ನೊರೆ ಹೆಚ್ಚು ಬರುವುದಿಲ್ಲವಾದ್ದರಿಂದ ಮೊದಲ ಸಲ ನಾನು ಇನ್ನಷ್ಟು ಸುರಿದು ವ್ಯರ್ಥ ಮಾಡಿದೆ. ಆ ಹತ್ತು ನಿಮಿಷ ನಾಯಿ ಮೈ ನೆಕ್ಕದಂತೆ ಕಾಯುವುದೇ ದೊಡ್ಡ ಕೆಲಸ. ಅಮ್ಮ ಬಚ್ಚಲ ಬಾಗಿಲಲ್ಲಿ ಕೂತು ಅವಳ ತಲೆಯನ್ನು ಮಡಿಲಲ್ಲಿ ಹಿಡಿದುಕೊಳ್ಳುತ್ತಿದ್ದರು. ಕಣ್ಣಿಗೆ, ಕಿವಿಯ ಒಳಗೆ ಇದು ಹೋಗಲೇಬಾರದು. ಕ್ಲೋರ್‌ಹೆಕ್ಸಿಡಿನ್ ಕಣ್ಣಿನ ಪಾರದರ್ಶಕ ಪಟಲವನ್ನು ಗಾಯಗೊಳಿಸಬಲ್ಲದು, ಕಿವಿಯ ತಮಟೆ ಹರಿದಿದ್ದರೆ ಶ್ರವಣಕ್ಕೂ ಅಪಾಯ. ಈ ಎಚ್ಚರಿಕೆ ಬಾಟಲಿಯ ಮೇಲೆ ಇರುವೆ ಕಾಲಿನಷ್ಟು ಸಣ್ಣ ಅಕ್ಷರದಲ್ಲಿ, ಅದೂ ಇಂಗ್ಲಿಷಿನಲ್ಲಿ ಮಾತ್ರ ಇರುವುದು ನನ್ನ ಗಂಭೀರ ಆಕ್ಷೇಪ.

ತೊಳೆದ ಮೇಲೆ ಒಣಗಿಸುವುದು ಕೊಡಗಿನಲ್ಲಿ ಬೇರೆಯದೇ ಪಾಡು. ಜುಲೈಯಲ್ಲಿ ಬಿಸಿಲಿಲ್ಲ, ಡ್ರೈಯರ್ ಹಾಕೋಣವೆಂದರೆ ಕರೆಂಟ್ ಇಲ್ಲ. ಎರಡು ಹಳೆಯ ಪಂಚೆಗಳಿಂದ ಒತ್ತಿ ಒರೆಸಿ, ಬೆರಳ ಸಂದುಗಳನ್ನು ಹತ್ತಿಬಟ್ಟೆಯಿಂದ ಒಂದೊಂದಾಗಿ ಒಣಗಿಸಿ, ಸೌದೆ ಒಲೆಯಿಂದ ನಾಲ್ಕಡಿ ದೂರದಲ್ಲಿ ಗೋಣಿಚೀಲದ ಮೇಲೆ ಮಲಗಿಸುತ್ತಿದ್ದೆವು. ಒಣಗಿಸದೆ ಬಿಟ್ಟ ವಾರ ಕೆಂಪು ಮತ್ತೆ ಕಾಣಿಸಿಕೊಂಡದ್ದನ್ನು ಕಣ್ಣಾರೆ ಕಂಡಿದ್ದೇನೆ.

ವಾರಕ್ಕೆ ಎರಡು ಸಲದಂತೆ ಎರಡು ವಾರ ಕಳೆದಾಗ ವಾಸನೆ ಹೋಯಿತು. ಐದನೆಯ ವಾರಕ್ಕೆ ಹೊಟ್ಟೆಯ ಕೆಂಪು ಇಳಿಯಿತು. ಆಮೇಲೆ ವಾರಕ್ಕೊಮ್ಮೆ ಸಾಕಾಯಿತು. 28 ಕೆಜಿ ತೂಕದ ನಾಯಿಗೆ 200 ಮಿಲಿ ಬಾಟಲಿ ಐದು ಸ್ನಾನಕ್ಕೆ ಮುಗಿಯುವುದರಿಂದ ಖರ್ಚು ಕಡಿಮೆಯೇನಲ್ಲ. ಉಣ್ಣಿಗೆ ಇದು ಮದ್ದಲ್ಲ ಎಂಬುದನ್ನು ಒತ್ತಿ ಹೇಳಬೇಕು. ಉಣ್ಣಿಯಿಂದ ಹರಡುವ ಎರ್ಲಿಕಿಯ, ಬೆಬೀಸಿಯ ಜ್ವರಗಳು ನಾಯಿಯ ಪ್ರಾಣಕ್ಕೇ ಕುತ್ತಾಗಬಲ್ಲವಾದ್ದರಿಂದ, ಉಣ್ಣಿ ತಡೆಯುವ ಮಾತ್ರೆಯನ್ನು ವೈದ್ಯರ ಸಲಹೆಯಂತೆ ಬೇರೆಯಾಗಿಯೇ ಕೊಡಬೇಕು.

ತುರಿಕೆ ಮಾತ್ರ ಪೂರ್ತಿ ನಿಲ್ಲಲಿಲ್ಲ. ವೈದ್ಯರು ಆಗ ಕೇಳಿದ ಮೊದಲ ಪ್ರಶ್ನೆ, ತಟ್ಟೆಗೆ ಏನು ಬೀಳುತ್ತದೆ ಎಂಬುದು. ಚರ್ಮದ ಅಲರ್ಜಿಗೆ ಆಹಾರವೂ ಕಾರಣವಾಗಬಹುದು. ನಾಯಿಗಳಲ್ಲಿ ದನದ ಮಾಂಸ, ಹಾಲಿನ ಪದಾರ್ಥ, ಕೋಳಿ ಇದರಲ್ಲಿ ಮುಂದಿವೆ. ಅವರು ಹೇಳಿದಂತೆ ಎಂಟು ವಾರ ಕೋಳಿ, ಹಾಲು, ತೋಟದ ಕೆಲಸದವರು ಪ್ರೀತಿಯಿಂದ ಕೊಡುವ ಬಿಸ್ಕತ್ತು, ಎಲ್ಲವನ್ನೂ ನಿಲ್ಲಿಸಿ, ಅವಳು ಹಿಂದೆ ತಿಂದಿರದ ಮೀನು ಮತ್ತು ಗೆಣಸನ್ನಷ್ಟೇ ಬೇಯಿಸಿ ಕೊಟ್ಟೆವು. ಮತ್ತೆ ಕೋಳಿ ಕೊಟ್ಟ ನಾಲ್ಕನೆಯ ದಿನವೇ ಕಾಲು ನೆಕ್ಕುವುದು ಶುರುವಾಯಿತು, ಉತ್ತರ ಸಿಕ್ಕಿತು. ಆ ಎಂಟು ವಾರಗಳ ನಡುವೆಯೇ ಕೊಡವರ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್ ಬಂತು. ಹಬ್ಬದ ಪಂದಿಕರಿಯ (ಹಂದಿಮಾಂಸದ ಸಾರಿನ) ಗಸಿ ಕಲಸಿದ ಅನ್ನ ವರ್ಷಾನುವರ್ಷ ಮಣಿಯ ಪಾಲಾಗುತ್ತಿತ್ತು. ಅದರಲ್ಲಿರುವ ಈರುಳ್ಳಿ, ಬೆಳ್ಳುಳ್ಳಿಗಳು ಬೆಂದರೂ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ, ಕೊಬ್ಬು ಮೇದೋಜೀರಕ ಗ್ರಂಥಿಯ ಉರಿಯೂತಕ್ಕೆ ದಾರಿಯಾಗಬಹುದು, ಬೆಂದ ಮೂಳೆ ಚೂರಾಗಿ ಕರುಳನ್ನು ಚುಚ್ಚಬಹುದು ಎಂಬುದನ್ನು ಇಷ್ಟು ವರ್ಷ ತಿಳಿಯದೆ ಉಣಿಸಿದ್ದು ನನ್ನ ಮನಸ್ಸನ್ನು ಈಗಲೂ ಕುಟುಕುತ್ತದೆ. ಈ ಸಲ ಅಮ್ಮನೇ ಅವಳ ಪಾಲಿಗೆ ಉಪ್ಪು ಮಸಾಲೆ ಹಾಕದ ಮೀನು ಬೇಯಿಸಿ, ನೆಂಟರ ಕೈಯಿಂದ ಏನೂ ಬೀಳದಂತೆ ಅವಳನ್ನು ಹಿತ್ತಿಲ ಕೋಣೆಯಲ್ಲಿ ಕೂಡಿಸಿ ಉಣಿಸಿದರು.

ಪರೀಕ್ಷೆ ಮಾಡಿಸಿ ಯೀಸ್ಟ್ ಇರುವುದು ಖಚಿತವಾದವರಿಗೆ ಈ ಶಾಂಪೂವನ್ನು ಧಾರಾಳವಾಗಿ ಶಿಫಾರಸು ಮಾಡುತ್ತೇನೆ. ಜುಲೈಯಲ್ಲಿ ಮರ ಬಿದ್ದು ರಸ್ತೆ ಮುಚ್ಚಿದರೆ ಪಾರ್ಸೆಲ್ ಬರುವುದು ಕಷ್ಟವಾದ್ದರಿಂದ, ಮುಂದಿನ ಮಳೆಗಾಲಕ್ಕೆ ಮೇ ತಿಂಗಳಲ್ಲೇ ನಾಲ್ಕು ಬಾಟಲಿ ತರಿಸಿಡಲಿದ್ದೇನೆ.